ಉಳಿದ ತೊಂಬತ್ತು ಎಲ್ಲಿ ಹೋಯಿತು?

ಪುಟ್ಟಿ,

ನಿನ್ನೆ ರಾತ್ರಿ ನೀನು ಮಲಗಿದ ಮೇಲೆ ನಿನ್ನ ವಿಜ್ಞಾನದ ನೋಟ್‌ಬುಕ್‌ನಲ್ಲಿ ಆಹಾರ ಸರಪಳಿಯ ಚಿತ್ರ ನೋಡಿದೆ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಐದಕ್ಕೂ ಒಂದೇ ಅಳತೆಯ ಚೌಕ ಬರೆದಿದ್ದೀಯ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, ‘ತಿಂದದ್ದರ ಶಕ್ತಿಯಲ್ಲಿ ಶೇ. 10 ಮುಂದಕ್ಕೆ ಹೋಗುತ್ತೆ. ಉಳಿದ 90 ಎಲ್ಲಿ?’ ಎಂಬ ಪ್ರಶ್ನೆ. ಅದನ್ನು ಓದಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ!

ಬಾಣಗಳನ್ನು ಮಾತ್ರ ತಿರುಗಿಸಿಬಿಡು. ಹದ್ದಿನಿಂದ ಹಾವಿಗಲ್ಲ, ಹಾವಿನಿಂದ ಹದ್ದಿಗೆ. ಬಾಣ ತೋರಿಸುವುದು ಶಕ್ತಿ ಹೋಗುವ ದಾರಿಯನ್ನು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕುಂಡದ ಗಿಡದಲ್ಲಿ ಭೂತಗನ್ನಡಿ ಹಿಡಿದು ನೋಡಿದ್ದೆಯಲ್ಲ, ಆ ಹಸಿರು ಹುಳು ನೆನಪಿದೆಯಾ? ಎಲೆಯ ಅಂಚಿನಲ್ಲಿ ತಲೆಯನ್ನು ಮೇಲಿಂದ ಕೆಳಕ್ಕೆ ಆಡಿಸುತ್ತಾ ಬಿಡದೆ ಮೇಯುತ್ತಿತ್ತು. ಕೆಳಗಿನ ಎಲೆಯ ಮೇಲೆ ಸಾಸಿವೆಯಂಥ ಕಪ್ಪು ಹಿಕ್ಕೆ. ‘ಇಷ್ಟು ಪುಟ್ಟ ಹುಳು ಇಷ್ಟೊಂದು ಹಾಕುತ್ತಾ!’ ಅಂದಿದ್ದೆ ನೀನು. ನಿನ್ನ ಉತ್ತರದ ಒಂದು ಪಾಲು ಅಲ್ಲೇ ಬಿದ್ದಿತ್ತು. ತಿಂದ ಎಲೆಯಲ್ಲಿ ದೊಡ್ಡ ಭಾಗ ಜೀರ್ಣವಾಗದೆ ಹೊರಗೆ ಬರುತ್ತದೆ. ಜೀರ್ಣವಾದದ್ದರಲ್ಲೂ ಬಹುಪಾಲು ಹರಿದಾಡಲು, ಅಗಿಯಲು, ಉಸಿರಾಡಲು ಖರ್ಚಾಗಿ ಶಾಖವಾಗುತ್ತದೆ. ಇಷ್ಟೆಲ್ಲ ಕಳೆದು ಮಿಕ್ಕಿದ್ದಷ್ಟೇ ಹುಳುವಿನ ಮೈಯಾಗುತ್ತದೆ. ಹಕ್ಕಿಗೆ ಸಿಗುವುದು ಆ ಮೈ ಮಾತ್ರ.

ಹಿಕ್ಕೆ, ಉದುರಿದ ಎಲೆ, ಯಾರ ಬಾಯಿಗೂ ಸಿಗದೆ ಸತ್ತ ಹುಳು, ಇವೆಲ್ಲ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಪಾಲು. ಅವೂ ಬದುಕಬೇಕಲ್ಲ, ಅವುಗಳ ಉಸಿರಾಟದಲ್ಲೂ ಶಕ್ತಿ ಶಾಖವಾಗಿ ಚದುರುತ್ತದೆ. ಇಂಗಾಲ, ಸಾರಜನಕ ಮಣ್ಣಿಗೋ ಗಾಳಿಗೋ ಸೇರಿ ಮತ್ತೆ ಗಿಡಕ್ಕೆ ಬರುತ್ತವೆ. ಚದುರಿದ ಶಾಖ ಬರುವುದಿಲ್ಲ. ಅದರಿಂದ ಆಹಾರ ಮಾಡಿಕೊಳ್ಳಬಲ್ಲ ಗಿಡವಿಲ್ಲ. ಅದಕ್ಕೇ ದಿನವೂ ಹೊಸ ಬಿಸಿಲು ಬೇಕು.

ನಿನ್ನ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡು ನೋಡು. ಆ ಬಿಸಿ ನೀನು ಉಂಡ ಊಟದ್ದೇ. ಮೈಯನ್ನು ಸದಾ ಬೆಚ್ಚಗಿಟ್ಟುಕೊಳ್ಳುವ ಪ್ರಾಣಿ, ಪಕ್ಷಿಗಳಲ್ಲಿ ಬೆಳವಣಿಗೆಗೆ ಉಳಿಯುವುದು ತೀರಾ ಕಡಿಮೆ. ಈ ವಿಷಯದಲ್ಲಿ ಕೀಟಗಳು, ಮೀನುಗಳು ಎಷ್ಟೋ ವಾಸಿ. ಹಾಗಾಗಿ 10 ಎಂಬುದು ಕಲ್ಲಿನ ಮೇಲೆ ಕೊರೆದ ಸಂಖ್ಯೆಯಲ್ಲ, ಅಂದಾಜು. ಪುಸ್ತಕಗಳು ಅದನ್ನು ‘ನಿಯಮ’ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಈ ಲೆಕ್ಕಕ್ಕೆ ದಾರಿ ಹಾಕಿದವನು ರೇಮಂಡ್ ಲಿಂಡೆಮನ್ ಎಂಬ ಪರಿಸರ ವಿಜ್ಞಾನಿ. ಅಮೆರಿಕದ ಮಿನ್ನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಸರೋವರದಲ್ಲಿ ವರ್ಷಗಟ್ಟಲೆ ಅಳೆದ. ಅಲ್ಲಿ ಅವನಿಗೆ ಸಸ್ಯಾಹಾರಿಗಳ ಹಂತದಲ್ಲಿ ಸಿಕ್ಕಿದ್ದು ಶೇ. 13.3. ಅವನ ಪ್ರಬಂಧವನ್ನು ಮೊದಲು ತಿರಸ್ಕರಿಸಿದ್ದರು. ಕೊನೆಗೆ 1942ರಲ್ಲಿ ಅಚ್ಚಾಯಿತು, ಆದರೆ ಅದನ್ನು ನೋಡಲು ಅವನಿರಲಿಲ್ಲ. ಇಪ್ಪತ್ತೇಳು ತುಂಬುವ ಮೊದಲೇ ತೀರಿಕೊಂಡಿದ್ದ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದರೂ ಅಂದಾಜಿಗೆ 10 ಅಂತಲೇ ಇಟ್ಟುಕೊಳ್ಳೋಣ. ಹುಲ್ಲಿನಲ್ಲಿ ಶಕ್ತಿ 10,000 ಪಾಲು ಇದ್ದರೆ ಮಿಡತೆಗೆ 1,000, ಕಪ್ಪೆಗೆ 100, ಹಾವಿಗೆ 10, ಹದ್ದಿಗೆ 1. ಹದ್ದಿಗಿಂತ ಮೇಲೆ ಇನ್ನೊಂದು ಬೇಟೆಗಾರ ಯಾಕಿಲ್ಲ ಎಂದು ಈಗ ನೀನೇ ಹೇಳಬಲ್ಲೆ.

ಚೌಕಗಳನ್ನು ಹೊಸದಾಗಿ ಬರಿ, ಶಕ್ತಿ ಎಷ್ಟೋ ಚೌಕದ ವಿಸ್ತೀರ್ಣವೂ ಅಷ್ಟಿರಲಿ. ಹದ್ದಿಗೆ ಒಂದು ಸೆಂಟಿಮೀಟರ್ ಉದ್ದಗಲದ ಚೌಕ ಕೊಟ್ಟರೆ ಕಪ್ಪೆಗೆ ಹತ್ತು ಸೆಂಟಿಮೀಟರಿನದು, ಹುಲ್ಲಿಗೆ ಪೂರಾ ಒಂದು ಮೀಟರಿನದು ಬೇಕು. ನೋಟ್‌ಬುಕ್ ಸಾಲದು. ಭಾನುವಾರ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯೋಣ. ಹುಲ್ಲಿನದು ನಾನು ಬರೆಯುತ್ತೇನೆ, ಹದ್ದಿನದು ನೀನು.

ನಿನ್ನ
ಅಪ್ಪ