ಖಾನನ ಆಕಾಶ, ಪುರೋಹಿತರ ಪ್ರಾರ್ಥನೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಾನು ಕ್ಷೇಮ. ಮಂಗೋಲರು ತಮ್ಮ ಕಾಲದ ಬೇರೆಲ್ಲ ಅರಸರಿಗಿಂತ ಹೆಚ್ಚು ಧರ್ಮಸಹಿಷ್ಣುಗಳಾಗಿದ್ದರು ಎಂದು ನೀನು ಬರೆದಿರುವುದು ಸುಳ್ಳಲ್ಲ. ಆದರೆ ಆ ಸಹಿಷ್ಣುತೆಯ ಹಿಂದೆ ಒಂದು ಕರಾರಿತ್ತು. ಯಾವ ದೇವರನ್ನು ಯಾರು ಬೇಕಾದರೂ ಪ್ರಾರ್ಥಿಸಬಹುದಿತ್ತು. ದೇವರ ಹೆಸರು ಹೇಳಿ ಮಂಗೋಲ ದೊರೆಯಾದ ಖಾನನ ಮೇಲೆ ಅಧಿಕಾರ ನಡೆಸುವಂತಿರಲಿಲ್ಲ.

ಈ ಕರಾರಿನ ಬೇರನ್ನು ನಾನು ಕೊಕೊಚು ಎಂಬ ಶಾಮನನ, ಅಂದರೆ ದೈವದ ನುಡಿ ಹೇಳುವ ಮಂಗೋಲ ಪೂಜಾರಿಯ, ಅಂತ್ಯದಲ್ಲಿ ಕಾಣುತ್ತೇನೆ. ತೆಮುಜಿನನಿಗೆ ಚಿಂಗಿಸ್ ಖಾನ್ ಎಂಬ ಬಿರುದನ್ನು ಮಂಗೋಲರ ಪರಮದೈವವಾದ ಆಕಾಶದ ಆಜ್ಞೆಯೆಂದು ಸಾರಿದವನು ಇವನೇ ಎಂದು ಪರ್ಷಿಯದ ಇತಿಹಾಸಕಾರರು ಬರೆದಿದ್ದಾರೆ. ತೆಮುಜಿನನನ್ನು ಎಲ್ಲ ಮಂಗೋಲರ ದೊರೆಯೆಂದು ಸಾರಿದ 1206ರ ಮಹಾಸಭೆಯ ನಂತರ ಇವನ ಹಿಂದೆ ಜನ ಸೇರತೊಡಗಿದರು. ಖಾನನ ತಮ್ಮ ಖಸಾರನನ್ನು ಇವನೂ ಇವನ ಸೋದರರೂ ಹೊಡೆದರು. ಒಂದು ಸಲ ತೆಮುಜಿನ್ ಆಳಲಿ, ಇನ್ನೊಂದು ಸಲ ಖಸಾರ್ ಆಳಲಿ ಎಂದು ಆಕಾಶ ನುಡಿದಿದೆಯೆಂದು ಹೇಳಿ ಅಣ್ಣತಮ್ಮಂದಿರ ನಡುವೆ ಸಂಶಯ ಬಿತ್ತಿದ. ಕಿರಿಯ ತಮ್ಮ ತೆಮುಗೆ, ಕೊಕೊಚುವಿನ ಕಡೆ ಸೇರಿದ್ದ ತನ್ನ ಜನರನ್ನು ಮರಳಿ ಕೇಳಲು ಹೋದಾಗ ಅವನನ್ನು ಮಂಡಿಯೂರಿಸಿ ಅವಮಾನಿಸಿದರು. ಆಗ ಖಾನನ ಪತ್ನಿ ಬೋರ್ತೆ ಕಣ್ಣೀರಿಟ್ಟು, ನೀನಿರುವಾಗಲೇ ಹೀಗಾದರೆ ನಿನ್ನ ಕಾಲಾನಂತರ ನಮ್ಮ ಮಕ್ಕಳ ಗತಿಯೇನು ಎಂಬರ್ಥದ ಮಾತನ್ನಾಡಿದಳು. ಖಾನನ ಗುಡಾರದಲ್ಲೇ ತೆಮುಗೆ ಕೊಕೊಚುವಿನ ಕೊರಳಪಟ್ಟಿ ಹಿಡಿದ. ಹೆಣಗಾಟದಲ್ಲಿ ಶಾಮನನ ಟೋಪಿ ಒಲೆಯ ಬಳಿ ಬಿತ್ತು, ಅವನ ತಂದೆ ಮೊಂಗ್ಲಿಕ್ ಅದನ್ನೆತ್ತಿ ಮೂಸಿ ಎದೆಗವಚಿಕೊಂಡ. ಹೊಸ್ತಿಲಾಚೆ ಕಾದಿದ್ದ ಮೂವರು ಜಟ್ಟಿಗಳು ಕೊಕೊಚುವಿನ ಬೆನ್ನು ಮುರಿದರು. ಮೂರನೆಯ ದಿನ ಹೆಣವೇ ಕಾಣದಾದಾಗ, ನನ್ನ ತಮ್ಮಂದಿರ ಮೇಲೆ ಚಾಡಿ ಹೇಳಿದ್ದಕ್ಕೆ ಆಕಾಶವೇ ಅವನ ಪ್ರಾಣವನ್ನೂ ದೇಹವನ್ನೂ ಒಯ್ದಿತೆಂದು ಖಾನ್ ಘೋಷಿಸಿದ. ಅದುವರೆಗೆ ಆಕಾಶದ ಮನಸ್ಸನ್ನು ಶಾಮನ ಹೇಳುತ್ತಿದ್ದ. ಅಂದು ಖಾನನೇ ಹೇಳಿದ.

ಮುಂದಿನ ಖಾನರ ನಡವಳಿಕೆಯನ್ನು ಈ ಹಿನ್ನೆಲೆಯಲ್ಲಿ ನೋಡು. ಪುರೋಹಿತರಿಗೂ ಸನ್ಯಾಸಿಗಳಿಗೂ ತೆರಿಗೆ ವಿನಾಯಿತಿ ಸಿಕ್ಕಿತು, ಅದಕ್ಕೆ ಪ್ರತಿಯಾಗಿ ಅವರು ಖಾನನ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕಿತ್ತು. 1267ರಲ್ಲಿ, ರಷ್ಯವನ್ನು ಅಧೀನದಲ್ಲಿಟ್ಟುಕೊಂಡಿದ್ದ ಮಂಗೋಲ ಖಾನ್ ಮೆಂಗು ತಿಮೂರ್ ಅಲ್ಲಿನ ಚರ್ಚಿಗೆ ಕೊಟ್ಟ ಸನ್ನದಿನಲ್ಲಿ ಈ ಕೊಡುಕೊಳ್ಳುವಿಕೆ ಸ್ಪಷ್ಟವಾಗಿದೆ. ಮನಸ್ಸಿನಲ್ಲಿ ಬೇರೇನನ್ನೋ ಇಟ್ಟುಕೊಂಡು ಪ್ರಾರ್ಥಿಸುವುದು ಪಾಪವೆಂಬ ಎಚ್ಚರಿಕೆಯೂ ಅದರಲ್ಲಿದೆ. ಪ್ರಾರ್ಥಿಸುವವನ ಅಂತರಂಗದವರೆಗೂ ಕೈಚಾಚಿದ ಈ ಮಾತು ನನ್ನನ್ನು ಬಹಳ ಕಾಡುತ್ತದೆ.

1254ರಲ್ಲಿ ಮಂಗೋಲ ರಾಜಧಾನಿ ಕಾರಕೋರಂನಲ್ಲಿ ಚಿಂಗಿಸನ ಮೊಮ್ಮಗ ಮೋಂಗ್ಕೆ ಖಾನ್ ಕ್ರೈಸ್ತರು, ಮುಸ್ಲಿಮರು, ಬೌದ್ಧರ ನಡುವೆ ಏರ್ಪಡಿಸಿದ ವಾದಸಭೆಯನ್ನು ನೀನು ಬಹುವಾಗಿ ಮೆಚ್ಚಿದ್ದೀಯೆ. ಅದರಲ್ಲಿ ಭಾಗವಹಿಸಿದ ಫ್ರಾನ್ಸಿಸ್ಕನ್ ಸನ್ಯಾಸಿ ರುಬ್ರುಕ್‌ನ ವಿಲಿಯಂ, ಆ ನಗರದಲ್ಲಿ 12 ವಿಗ್ರಹಾಲಯಗಳು, 2 ಮಸೀದಿಗಳು, 1 ಚರ್ಚು ಇದ್ದವೆಂದು ಬರೆದಿದ್ದಾನೆ. ದೇವರು ಕೈಗೆ ಐದು ಬೆರಳುಗಳನ್ನು ಕೊಟ್ಟಂತೆ ಮನುಷ್ಯರಿಗೆ ಬೇರೆ ಬೇರೆ ದಾರಿಗಳನ್ನು ಕೊಟ್ಟಿದ್ದಾನೆ ಎಂಬ ಖಾನನ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಮುಂದಿನ ಮಾತನ್ನೂ ಓದಬೇಕು: ನಿಮಗೆ ದೇವರು ಗ್ರಂಥ ಕೊಟ್ಟ, ನೀವು ಅದರಂತೆ ನಡೆಯುವುದಿಲ್ಲ, ನಮಗೆ ಕಣಿ ಹೇಳುವವರನ್ನು ಕೊಟ್ಟ, ಅವರು ಹೇಳಿದಂತೆ ನಾವು ನಡೆಯುತ್ತೇವೆ. ವಾದ ಮಾಡಿಸಿದ ದೊರೆ ತನ್ನ ದಾರಿಯನ್ನು ಆ ವಾದಕ್ಕೆ ಒಡ್ಡಿರಲಿಲ್ಲ.

ಮೋಂಗ್ಕೆಯ ತಮ್ಮ, ಅವನ ನಂತರ ಆಳಿದ ಕುಬ್ಲಾಯ್ ಟಿಬೆಟಿನ ಫಗ್ಸ್‌ಪ ಲಾಮಾನನ್ನು ರಾಜಗುರುವಾಗಿಸಿಕೊಂಡ. ಉಪದೇಶದ ವೇಳೆ ಲಾಮಾನಿಗೆ ಮೇಲಿನ ಆಸನ, ರಾಜಸಭೆಯಲ್ಲಿ ಖಾನನಿಗೆ ಎಂಬ ಒಪ್ಪಂದವಾಯಿತೆಂದು ಟಿಬೆಟಿನ ಪರಂಪರೆ ಹೇಳುತ್ತದೆ. ಅದೇ ಕುಬ್ಲಾಯ್ ಸುಮಾರು 1280ರಲ್ಲಿ, ಮುಸ್ಲಿಂ ವರ್ತಕರು ತನ್ನ ಅರಮನೆಯ ಊಟವನ್ನು ನಿರಾಕರಿಸಿದರೆಂದು ಹಲಾಲ್ ಪದ್ಧತಿಯ ಕುರಿಕಡಿತವನ್ನೇ ನಿಷೇಧಿಸಿದ. ವರ್ತಕರು ಬರುವುದು ನಿಂತು ಸುಂಕದ ಆದಾಯ ಕುಸಿದ ಮೇಲೆ ನಿಷೇಧ ತೆರವಾಯಿತು.

1295ರಲ್ಲಿ ಇರಾನನ್ನಾಳುತ್ತಿದ್ದ ಮಂಗೋಲ ಮನೆತನದ ಗಜಾನ್ ಸಿಂಹಾಸನದ ಹೋರಾಟದ ನಡುವೆ ಸೇನಾನಿ ನವ್ರೂಜ್‌ನ ಒತ್ತಾಸೆಯಿಂದ ಇಸ್ಲಾಂ ಸ್ವೀಕರಿಸಿದ. ಹಿಂದೆ ತಾನೇ ಬೌದ್ಧ ದೇಗುಲಗಳನ್ನು ಕಟ್ಟಿಸಿದ್ದವನ ಆಳ್ವಿಕೆಯಲ್ಲೇ ಬೌದ್ಧ ದೇಗುಲಗಳು ನೆಲಸಮವಾದವು. ಆದರೆ ಎರಡೇ ವರ್ಷಗಳಲ್ಲಿ, 1297ರಲ್ಲಿ, ಆ ನವ್ರೂಜ್‌ನನ್ನೂ ಅವನು ಕೊಲ್ಲಿಸಿದ. ಆದ್ದರಿಂದ ಗಜಾನನ ಮತಾಂತರದಿಂದ ಮಂಗೋಲ ನೀತಿಯೇ ಬದಲಾಯಿತೆಂಬ ನಿನ್ನ ಅಭಿಪ್ರಾಯವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ: ಬೌದ್ಧರ ಪಾಲಿಗೆ ಎಲ್ಲವೂ ಬದಲಾಯಿತು, ಖಾನನ ಮೇಲೆ ಹಕ್ಕು ಸಾಧಿಸಲು ಹೊರಟವನ ಪಾಲಿಗೆ ಏನೂ ಬದಲಾಗಲಿಲ್ಲ. ಇದನ್ನು ಓದಿ ನಿನಗೆ ಏನೆನ್ನಿಸಿತೆಂದು ಬರೆ.

ಇಂತು ನಿನ್ನ ಗೆಳೆಯ