ಫ್ರೆಂಚ್ ಪ್ರೇರಿಯ ಒಂದು ಹಳ್ಳಿ

ಹಿಲ್ಸ್‌ಬರೋ, ಆರೆಗಾನ್
ಅಕ್ಟೋಬರ್ 12

ಪೂಜ್ಯ ಅಪ್ಪನವರಿಗೂ ಅಮ್ಮನವರಿಗೂ ನಿಮ್ಮ ಮಗಳ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ.

ಅಮೆರಿಕದಲ್ಲಿಯೂ ಹಳ್ಳಿಗಳಿಗೆ ಸ್ಥಳಪುರಾಣ ಇರುತ್ತದೆಯೇ ಎಂದು ಅಪ್ಪ ಕಳೆದ ತಿಂಗಳು ಕೇಳಿದ್ದರು. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಕಳೆದ ಭಾನುವಾರ ವಿಲಾಮೆಟ್ ನದಿಯ ಬಯಲಿನಲ್ಲಿರುವ ಸೇಂಟ್ ಪಾಲ್ ಎಂಬ ಹಳ್ಳಿಗೆ ಹೋಗಿದ್ದೆವು. ಐನೂರು ಜನರೂ ಇಲ್ಲದ ಊರು. ಸುತ್ತಲೂ ಹೇಝಲ್‌ನಟ್ ತೋಟಗಳು, ಹಾಪ್ಸ್ ಬಳ್ಳಿಯ ಚಪ್ಪರಗಳು, ನಡುವೆ ಒಂದು ಇಟ್ಟಿಗೆಯ ಚರ್ಚು. ಈ ಬಯಲಿಗೆ ಇಂದಿಗೂ ಫ್ರೆಂಚ್ ಪ್ರೇರಿ, ಅಂದರೆ ಫ್ರೆಂಚರ ಹುಲ್ಲುಗಾವಲು, ಎಂದೇ ಹೆಸರು.

ಇಲ್ಲಿ ಮೊದಲು ನೇಗಿಲು ಹೂಡಿದ ಹೊರಗಿನವರು ಕೆನಡಾದ ಫ್ರೆಂಚರು. ಬೀವರ್ ಎಂಬ ನೀರುಪ್ರಾಣಿಯ ತುಪ್ಪಳಕ್ಕಾಗಿ ಹಡ್ಸನ್ಸ್ ಬೇ ಕಂಪನಿಯಲ್ಲಿ ದೋಣಿ ನಡೆಸಿ, ಬೋನು ಇಟ್ಟು ದುಡಿದವರು. ಅವಧಿ ಮುಗಿದ ನೌಕರರು ಕೆಲಸಕ್ಕೆ ಸೇರಿದ ನಾಡಿಗೇ ಮರಳಬೇಕೆಂಬುದು ಕಂಪನಿಯ ಕಟ್ಟಳೆ. ಆದರೆ ಅಷ್ಟರಲ್ಲಿ ಅವರಿಗೆ ಇಲ್ಲಿನ ಮೂಲನಿವಾಸಿ ಹೆಂಡತಿಯರೂ ಮಕ್ಕಳೂ ಇದ್ದರು; ಅವರನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಕಂಪನಿಯ ಫೋರ್ಟ್ ವ್ಯಾಂಕೂವರ್ ಕೋಟೆಯ ಮುಖ್ಯಾಧಿಕಾರಿ ಜಾನ್ ಮೆಕ್ಲಾಕ್ಲಿನ್ ಈ ನೌಕರರ ಹೆಸರುಗಳನ್ನು ಕಂಪನಿಯ ಪಟ್ಟಿಯಲ್ಲಿ ಉಳಿಸಿಕೊಂಡೇ ಬಿತ್ತನೆಯ ಗೋಧಿಯನ್ನೂ ದನಗಳನ್ನೂ ಕಡವಾಗಿ ಕೊಟ್ಟು ಈ ಬಯಲಿಗೆ ಕಳುಹಿಸಿದರು. ಎಟಿಯೆನ್ ಲೂಸಿಯೆ, ಜೋಸೆಫ್ ಝೆರ್ವೆ ಮೊದಲಾದವರು 1830ರ ಆಸುಪಾಸಿನಲ್ಲಿ ಬೇಸಾಯಕ್ಕೆ ಕುಳಿತದ್ದು ಹೀಗೆ.

ಅವರಿಗೆ ಸಿಕ್ಕಿದ್ದು ಖಾಲಿ ನೆಲವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕಲಪೂಯಾ ಜನರು ತಲೆತಲಾಂತರದಿಂದ ವರ್ಷವರ್ಷವೂ ಹುಲ್ಲಿಗೆ ಬೆಂಕಿಯಿಟ್ಟು, ಕಾಡು ಹರಡದಂತೆ ಕಾದು, ಕ್ಯಾಮಸ್ ಗೆಡ್ಡೆ ಅಗೆದು ಬಾಳಿದ ಬಯಲು ಅದು. 1830ರಿಂದ ಮೂರು ನಾಲ್ಕು ವರ್ಷ ಬಡಿದ ಚಳಿಜ್ವರ ಅವರಲ್ಲಿ ಬಹುಪಾಲು ಜನರನ್ನು ಕೊಂದಿತು. ಉಳಿದವರನ್ನು 1855ರ ಒಪ್ಪಂದದ ನಂತರ ಗ್ರ್ಯಾಂಡ್ ರೋಂಡ್ ಮೀಸಲು ನೆಲೆಗೆ ಸಾಗಿಸಿದರು.

ಈ ಫ್ರೆಂಚ್ ರೈತರು 1836ರಲ್ಲಿ ಮರದ ದಿಮ್ಮಿಗಳಿಂದ ಒಂದು ಚರ್ಚು ಕಟ್ಟಿದರು. ಆಗ ಪೂಜೆ ಮಾಡಲು ಪಾದ್ರಿಯೇ ಇರಲಿಲ್ಲ! ಬಹುದೂರದ, ಈಗಿನ ಕೆನಡಾದಲ್ಲಿರುವ ರೆಡ್ ರಿವರ್‌ನ ಬಿಷಪ್ಪರಿಗೆ ಮನವಿ ಬರೆದು, ದೇವರ ಮನೆ ಕಟ್ಟಿಟ್ಟು ಕಾದರು. ಕೊನೆಗೆ ಫ್ರಾನ್ಸ್ವಾ ನಾರ್ಬೇರ್ ಬ್ಲಾಂಶೆ ಎಂಬ ಪಾದ್ರಿ ಬಂದು 1839ರ ಜನವರಿ 6ರಂದು ಅಲ್ಲಿ ಮೊದಲ ಪೂಜೆ ನಡೆಸಿದರು. ಹೆಂಡತಿಯರಿಗೂ ಮಕ್ಕಳಿಗೂ ದೀಕ್ಷಾಸ್ನಾನ ಮಾಡಿಸಿ, ಎಷ್ಟೋ ವರ್ಷಗಳ ಸಂಸಾರಗಳಿಗೆ ಮದುವೆಯ ಮುದ್ರೆ ಒತ್ತಿದರು. ಈಗಿನ ಇಟ್ಟಿಗೆಯ ಚರ್ಚು 1846ರದು. 1993ರ ಮಾರ್ಚಿನ ಭೂಕಂಪದಲ್ಲಿ ಬಹಳ ಜಖಂಗೊಂಡಿದ್ದರೂ ಊರಿನವರು ಅದನ್ನು ಬಿಟ್ಟುಕೊಡದೆ ಮತ್ತೆ ನಿಲ್ಲಿಸಿದ್ದಾರೆ.

ಸಮೀಪದ ನದಿದಂಡೆಯ ಶಾಂಪೂಯಿ ಎಂಬಲ್ಲಿ 1843ರ ಮೇ 2ರಂದು ಜನ ಸೇರಿ, ತಮಗೊಂದು ಸರ್ಕಾರ ಬೇಕೇ ಬೇಡವೇ ಎಂದು ಮತ ಹಾಕಿದರು. ಹೆಚ್ಚಿನ ಫ್ರೆಂಚರು ಬೇಡವೆಂದರೂ ಲೂಸಿಯೆ ಮತ್ತು ಮ್ಯಾಥ್ಯೂ ಎಂಬ ಇನ್ನೊಬ್ಬ ಕೆನಡಾದ ಫ್ರೆಂಚ, ಸರ್ಕಾರ ಬೇಕೆಂದ ಅಮೆರಿಕನ್ನರ ಕಡೆ ನಿಂತಿದ್ದರಿಂದ 52ಕ್ಕೆ 50ರಲ್ಲಿ ನಿರ್ಣಯವಾಯಿತೆಂದು ಇಲ್ಲಿನವರು ಹೇಳುತ್ತ ಬಂದಿದ್ದಾರೆ. ಆಮೇಲೆ ಫ್ರೆಂಚರ ಕಾಲ ಬೇಗ ಇಳಿಯಿತು. 1848ರ ಚಿನ್ನದ ಸುದ್ದಿಗೆ ಅನೇಕರು ಕ್ಯಾಲಿಫೋರ್ನಿಯಾಕ್ಕೆ ಹೋದರು, ಇಂಗ್ಲಿಷ್ ಮಾತಿನ ಅಮೆರಿಕನ್ನರ ಬಂಡಿಗಳು ಸಾಲುಸಾಲಾಗಿ ಬಂದವು, 1861ರ ಡಿಸೆಂಬರಿನ ಪ್ರವಾಹ ಶಾಂಪೂಯಿಯನ್ನು ಕೊಚ್ಚಿಕೊಂಡು ಹೋಯಿತು. ಪಕ್ಕದ ಊರಿಗೆ ಝೆರ್ವೆಯ ಹೆಸರೇ ಇದ್ದರೂ ಈಗ ಅದನ್ನು ಎಲ್ಲರೂ 'ಜರ್ವಿಸ್' ಎಂದೇ ಉಚ್ಚರಿಸುತ್ತಾರೆ.

ಅಮ್ಮ, ನನ್ನನ್ನು ಹೆಚ್ಚು ಕಾಡಿದ್ದು ಆ ಮನೆಗಳ ಹೆಂಗಸರು. ಝೆರ್ವೆಯ ಹೆಂಡತಿ ಯಿಯಾಮಸ್ಟ್, ಕ್ಲಾಟ್ಸಪ್ ಜನರ ಮುಖಂಡ ಕೊಬೊವೇಯ ಮಗಳು. ಆಕೆಯ ಹೆಸರು ಉಳಿದಿದೆ. ಆದರೆ ಚರ್ಚಿನ ಹಳೆಯ ದಾಖಲೆಗಳಲ್ಲಿ ಹಲವು ತಾಯಂದಿರು ಬರಿಯ ಮೇರಿ, ಮಾರ್ಗರೀಟ್. ಮುಂದೆ ಅವರ ಕುಲದ ಹೆಸರು, ಅಷ್ಟೇ. ಹೆತ್ತವರು ಅವರನ್ನು ಏನೆಂದು ಕರೆಯುತ್ತಿದ್ದರೋ ಅದನ್ನು ಯಾರೂ ಬರೆದಿಡಲಿಲ್ಲ. ಹೊಳೆಯ ದಾರಿ, ಗೆಡ್ಡೆಯ ಗುರುತು, ನಂಟರ ಬೆಂಬಲ, ಎಲ್ಲವನ್ನೂ ಆ ಸಂಸಾರಗಳಿಗೆ ತಂದವರು ಅವರೇ. ಅವರಿಲ್ಲದಿದ್ದರೆ ಗಂಡಂದಿರು ಈ ಬಯಲಿನಲ್ಲಿ ನೆಲೆ ನಿಲ್ಲುತ್ತಲೇ ಇರಲಿಲ್ಲ.

ನಮ್ಮ ಅಜ್ಜಿಗೂ ಮದುವೆಯ ದಿನ ಹೆಸರು ಬದಲಿಸಿದ್ದರಲ್ಲವೇ? ಅಪ್ಪನ ವಂಶಾವಳಿಯ ಪುಸ್ತಕದಲ್ಲಿ ಏಳು ತಲೆಮಾರಿನ ಗಂಡಸರಿದ್ದಾರೆ, ಅಜ್ಜಿಯ ತವರಿನ ಹೆಸರು ಮಾತ್ರ ಇಲ್ಲ. ದೊಡ್ಡತ್ತೆಗೆ ನೆನಪಿರುವಾಗಲೇ ಕೇಳಿ, ಮುತ್ತಜ್ಜಿಯರದೂ ಸೇರಿಸಿ, ಮುಂದಿನ ಪತ್ರದಲ್ಲಿ ಬರೆದು ಕಳುಹಿಸಿ.

ಇತಿ ನಿಮ್ಮ ಪ್ರೀತಿಯ ಮಗಳು