ಸೈಕೋಸಿಸ್ ಸಂಶೋಧನೆಗೆ ಕಲಬುರಗಿಯಲ್ಲಿಯೇ ದಾರಿಯಾಗಲಿ

ಸಂಪಾದಕರಿಗೆ,

ಮಾನ್ಯರೇ,

ಪಿಎಚ್‌.ಡಿ. ಪ್ರವೇಶದ ಅಧಿಸೂಚನೆಗಳು ಹೊರಬೀಳುವ ಕಾಲ ಬಂತೆಂದರೆ, ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ನಮ್ಮ ಭಾಗದ ವಿದ್ಯಾರ್ಥಿಗಳು ಸಂಶೋಧನೆಗೆ ಯಾವ ವಿಷಯ ಆಯ್ದುಕೊಳ್ಳಬೇಕೆಂದು ಕೇಳಿಕೊಂಡು ನನ್ನಂಥ ನಿವೃತ್ತ ಉಪನ್ಯಾಸಕರ ಮನೆಗೆ ಬರುವುದು ವಾಡಿಕೆ. ಇಲ್ಲದ ದನಿಗಳು ಕೇಳಿಸುವ, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆಂಬ ಭ್ರಾಂತಿ ಗಟ್ಟಿಯಾಗಿ ನೆಲೆಯೂರುವ ಸೈಕೋಸಿಸ್ ಕಾಯಿಲೆಗಳ ಮೇಲೆ ಕೆಲಸ ಮಾಡಬೇಕೆಂಬ ಆಸೆ ಅವರಲ್ಲಿ ಕೆಲವರಿಗಾದರೂ ಇರುತ್ತದೆ. ಕೆಲವು ತಿಂಗಳು ಕಳೆದು ವಿಚಾರಿಸಿದರೆ ವಿಷಯ ಬದಲಾಗಿರುತ್ತದೆ: ಪದವಿ ವಿದ್ಯಾರ್ಥಿಗಳ ಪರೀಕ್ಷಾ ಆತಂಕ, ಇಲ್ಲವೇ ಶಿಕ್ಷಕರ ವೃತ್ತಿತೃಪ್ತಿ. ಇವು ಕೀಳು ವಿಷಯಗಳೆಂದು ನಾನು ಹೇಳುತ್ತಿಲ್ಲ. ಆದರೆ ಪರೀಕ್ಷಾ ಆತಂಕವನ್ನು ಅಳೆದಷ್ಟು ಶ್ರದ್ಧೆಯಿಂದ ನಾವು ಬೇರಾವುದನ್ನೂ ಅಳೆದಿಲ್ಲವೇನೋ ಎನ್ನಿಸುತ್ತದೆ.

ವಿಷಯ ಬದಲಾಗುವ ಬಗೆಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಚಿಂಚೋಳಿ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿ, ಕಾಯಿಲೆಯ ಮೊದಲ ಲಕ್ಷಣ ಕಾಣಿಸಿಕೊಂಡ ದಿನಕ್ಕೂ ರೋಗಿಗೆ ಮೊದಲ ಚಿಕಿತ್ಸೆ ಸಿಕ್ಕ ದಿನಕ್ಕೂ ನಡುವೆ ಕಳೆದುಹೋಗುವ ಅವಧಿಯನ್ನು ಅಧ್ಯಯನ ಮಾಡಲು ಬಯಸಿದ್ದಳು. ಈ ಅವಧಿ ಉದ್ದವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿರುವುದರಿಂದ ಆಕೆಯ ಆಯ್ಕೆ ಸರಿಯಾಗಿಯೇ ಇತ್ತು. ಆಸ್ಪತ್ರೆಯವರು ನೈತಿಕ ಸಮಿತಿಯ ಒಪ್ಪಿಗೆ ಬೇಕು, ಜವಾಬ್ದಾರಿ ಹೊರುವ ಮನೋವೈದ್ಯರೊಬ್ಬರು ಬೇಕು ಎಂದರು. ಆಕೆ ಸೇರಬಯಸಿದ್ದ ವಿಭಾಗದಲ್ಲಿ ರೋಗಿಗಳನ್ನು ಒಳಗೊಂಡ ಸಂಶೋಧನೆಯನ್ನು ಪರಿಶೀಲಿಸುವ ಸಮಿತಿ ಇರಲಿಲ್ಲ. ಮಾರ್ಗದರ್ಶನಕ್ಕೆ ಒಪ್ಪಿದ ಮನೋವೈದ್ಯರೊಬ್ಬರು ಸಿಕ್ಕರಾದರೂ, ಎರಡು ಸಂಸ್ಥೆಗಳ ನಡುವೆ ಒಡಂಬಡಿಕೆ ಇಲ್ಲದ ಕಾರಣ ಅವರ ಹೆಸರನ್ನು ಸಹ-ಮಾರ್ಗದರ್ಶಕರೆಂದು ಸೇರಿಸಲು ಬರುವುದಿಲ್ಲವೆಂಬ ಉತ್ತರ ಬಂತು. ತಪ್ಪು ಯಾರದೆಂದು ಹುಡುಕಹೊರಟರೆ ಯಾರದೂ ಸಿಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ನಿಯಮದ ಪ್ರಕಾರವೇ ನಡೆದುಕೊಂಡಿದ್ದರು. ಆಕೆ ಈಗ ಒಂದು ಬಿ.ಇಡಿ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಳೆ.

ಈ ನಿಯಮಗಳನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 99ನೇ ಕಲಮಿನ ಪ್ರಕಾರ, ಮಾನಸಿಕ ಕಾಯಿಲೆ ಇರುವವರನ್ನು ಸಂಶೋಧನೆಗಾಗಿ ಬರೀ ಸಂದರ್ಶಿಸುವುದಕ್ಕೂ ಅವರು ತಿಳಿದು, ಮನಸ್ಸಾರೆ ಕೊಟ್ಟ ಸಮ್ಮತಿ ಬೇಕು. ಸಮ್ಮತಿ ಕೊಡುವ ಸ್ಥಿತಿಯಲ್ಲಿ ಇಲ್ಲದ, ಆದರೆ ವಿರೋಧವನ್ನೂ ತೋರದ ವ್ಯಕ್ತಿಯ ಮೇಲೆ ಔಷಧ, ಮನೋಚಿಕಿತ್ಸೆಯಂಥ ಪ್ರಯೋಗ ನಡೆಸುವುದಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಇದು ಇರಬೇಕಾದ ಬಿಗಿಯೇ ಸರಿ. ಬಿಗಿಯ ನಡುವೆಯೂ ಕೆಲಸ ಮಾಡಲು ಬೇಕಾದ ಏರ್ಪಾಡನ್ನು ಮಾಡಿಕೊಡಿ ಎಂಬುದಷ್ಟೇ ನನ್ನ ಕೇಳಿಕೆ.

ಯಾಕೆ ಇಷ್ಟು ಒತ್ತಾಯವೆಂದರೆ, ನಮ್ಮ ನೆಲದ ಲೆಕ್ಕವೇ ನಮ್ಮಲ್ಲಿಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಜೀವಮಾನದಲ್ಲಿ ಒಮ್ಮೆಯಾದರೂ ಸೈಕೋಸಿಸ್‌ಗೆ ಒಳಗಾದವರ ಪ್ರಮಾಣ ಶೇ 1.4 ಎಂದೂ, ಸೈಕೋಸಿಸ್ ಇರುವವರಲ್ಲಿ ಸುಮಾರು ನಾಲ್ಕರಲ್ಲಿ ಮೂವರು ಚಿಕಿತ್ಸೆಯಿಂದ ಹೊರಗಿದ್ದಾರೆಂದೂ ಕಂಡುಬಂತು. ಆ ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಕರ್ನಾಟಕ ಅವುಗಳಲ್ಲಿ ಇರಲಿಲ್ಲ. ಪೂರ್ವಸಿದ್ಧತೆಯ ಪ್ರಯೋಗ ಮಾತ್ರ ಕೋಲಾರ ಜಿಲ್ಲೆಯಲ್ಲಿ ನಡೆದಿತ್ತು. ಕೋಲಾರದ ಹಳ್ಳಿಗೂ ಶಹಾಪುರದ ಹಳ್ಳಿಗೂ ಮಳೆ, ದುಡಿಮೆ, ನುಡಿ, ವಲಸೆ ಯಾವುದರಲ್ಲೂ ಹೋಲಿಕೆ ಇಲ್ಲ.

ಹಾಗೆಂದು ನಮ್ಮ ಭಾಗ ಈ ಕ್ಷೇತ್ರಕ್ಕೆ ಹೊಸತೂ ಅಲ್ಲ. ಇಂದು ಕಲ್ಯಾಣ ಕರ್ನಾಟಕದಲ್ಲಿರುವ ಬಳ್ಳಾರಿ ಜಿಲ್ಲೆಯಲ್ಲಿಯೇ 1985ರಿಂದ 1990ರವರೆಗೆ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಹಳ್ಳಿಯ ಮಟ್ಟದಲ್ಲಿ ಚಿಕಿತ್ಸೆ ಕೊಡಬಹುದೆಂದು ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಮುಂದೆ ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ, ಸೈಕೋಸಿಸ್‌ನ ಒಂದು ಬಗೆಯಾದ ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಿನಲ್ಲಿ ಗುರುತಿಸಿ, ವರ್ಷಗಟ್ಟಲೆ ಅವರ ಜೊತೆ ಸಂಪರ್ಕ ಇಟ್ಟುಕೊಂಡು ಅಧ್ಯಯನಗಳು ನಡೆದವು. ಅಂಥ ಕೆಲಸ ಸೇಡಂ, ಔರಾದ, ಸುರಪುರಗಳಲ್ಲಿ ನಡೆಯಬಾರದೆಂದೇನೂ ಇಲ್ಲವಲ್ಲ.

ಇಲ್ಲಿ ಕೆಲಸ ಮಾಡುವವರಿಗೆ ಸಿಗುವ ಪ್ರಶ್ನೆಗಳು ಬೆಂಗಳೂರಿನ ಗ್ರಂಥಾಲಯದಲ್ಲಿ ಕುಳಿತರೆ ಹೊಳೆಯುವಂಥವಲ್ಲ. ಹೊರರೋಗಿ ವಿಭಾಗದಲ್ಲಿ ಹಳೇ ಚೀಟಿಗಳನ್ನೂ ಮಾತ್ರೆಯ ಪಟ್ಟಿಗಳನ್ನೂ ಒಂದು ತಾಯಿತವನ್ನೂ ಒಂದೇ ಕ್ಯಾರಿಬ್ಯಾಗಿನಲ್ಲಿ ಹಿಡಿದು ಕುಳಿತ ತಾಯಿಯನ್ನು, ಮಗನಿಗೆ ಯಾವಾಗಿನಿಂದ ಹೀಗಾಗಿದೆ ಎಂದು ಕೇಳಿ ನೋಡಿ. ತಿಂಗಳು, ತಾರೀಖು ಬರುವುದಿಲ್ಲ. 'ಎಳ್ಳಮಾಸಿ ಮುಂದ ಛಲೋ ಇದ್ದ ನೋಡ್ರಿ, ತೊಗರಿ ರಾಶಿ ಆದ ಮ್ಯಾಲೆ ಒಬ್ಬನೇ ಮಾತಾಡ್ಲಾಕ ಹತ್ತಿದ' ಎಂಬ ಉತ್ತರ ಬರುತ್ತದೆ. ಚಿಕಿತ್ಸೆ ಸಿಗದೆ ಕಳೆದ ಅವಧಿಯನ್ನು ಅಳೆಯುವವರಿಗೆ ಇದಕ್ಕಿಂತ ನಂಬಬಹುದಾದ ಗುರುತು ಬೇರೆ ಇಲ್ಲ. ಎಳ್ಳಮಾವಾಸ್ಯೆ, ತೊಗರಿ ರಾಶಿ, ಶರಣಬಸವೇಶ್ವರ ಜಾತ್ರೆ, ಬಂದೇ ನವಾಜರ ಉರುಸು ಇವನ್ನೆಲ್ಲ ಒಂದು ಪಟ್ಟಿಗೆ ಜೋಡಿಸಿಕೊಂಡು ಸಂದರ್ಶನಕ್ಕೆ ಕೂರುವ ಸಂಶೋಧಕಿ, ಅಚ್ಚಾದ ಪ್ರಶ್ನಾವಳಿಯನ್ನಷ್ಟೇ ನಂಬಿದವರಿಗಿಂತ ಸತ್ಯಕ್ಕೆ ಹತ್ತಿರ ಹೋಗುತ್ತಾಳೆ. 1987ರಲ್ಲಿ ರೂಪುಗೊಂಡು ಇಂದಿಗೂ ಬಳಕೆಯಲ್ಲಿರುವ, ಸೈಕೋಸಿಸ್ ಲಕ್ಷಣಗಳ ತೀವ್ರತೆಯನ್ನು ಅಳೆಯುವ 30 ಅಂಶಗಳ 'ಪ್ಯಾನ್ಸ್' ಮಾಪನವನ್ನು ಕನ್ನಡವಲ್ಲದೆ ದಖ್ಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತನಾಡುವ ಮನೆಗಳಲ್ಲಿ ಬಳಸುವಾಗ ಏನೇನು ತೊಡಕು ಬರುತ್ತದೆಂಬುದೇ ಒಂದು ಪ್ರಬಂಧಕ್ಕೆ ಸಾಕಾಗುವ ವಿಷಯ.

ಅಫಜಲಪುರ ತಾಲ್ಲೂಕಿನ ದತ್ತಾತ್ರೇಯ ಕ್ಷೇತ್ರ ಗಾಣಗಾಪುರವನ್ನು ತೆಗೆದುಕೊಳ್ಳಿ. ಮೈಮೇಲೆ ಗಾಳಿ ಬಂದಿದೆಯೆಂದು ಮನೆಯವರು ಕರೆತಂದವರು ಮಧ್ಯಾಹ್ನದ ಆರತಿಯ ಹೊತ್ತಿಗೆ ಕಂಬ ಹಿಡಿದು ಚೀರುವುದನ್ನು ಕಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಎಷ್ಟು ಜನಕ್ಕೆ ಸೈಕೋಸಿಸ್ ಇದೆ, ಎಷ್ಟು ಜನ ಮಾತ್ರೆಯನ್ನೂ ದೇವರ ಸೇವೆಯನ್ನೂ ಒಟ್ಟಿಗೆ ನಡೆಸುತ್ತಾರೆ, ಆಸ್ಪತ್ರೆಗೆ ಮೊದಲು ಬರುತ್ತಾರೋ ಆಮೇಲೆ ಬರುತ್ತಾರೋ ಎಂಬುದನ್ನು ಗೌರವದಿಂದ, ಗೇಲಿ ಮಾಡದೆ ವಿಚಾರಿಸುವ ಸಂಶೋಧನೆ ಬೇಕು. ತಮಿಳುನಾಡಿನ ಒಂದು ದೇವಾಲಯದಲ್ಲಿ ತಂಗಿದ್ದ 31 ರೋಗಿಗಳ ಲಕ್ಷಣಗಳು ಕೆಲವೇ ವಾರಗಳಲ್ಲಿ ಸುಮಾರು ಶೇ 20ರಷ್ಟು ತಗ್ಗಿದ್ದನ್ನು ನಿಮ್ಹಾನ್ಸ್ ಸಂಶೋಧಕರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ದಾಖಲಿಸಿದ್ದಾರೆ. ಔಷಧ ಬೇಡವೆಂದು ಇದರ ಅರ್ಥವಲ್ಲ. ಅದರ ಹಿಂದಿನ ವರ್ಷವಷ್ಟೇ, 2001ರ ಆಗಸ್ಟ್‌ನಲ್ಲಿ, ಅದೇ ರಾಜ್ಯದ ಎರ್ವಾಡಿಯಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಬೆಂಕಿಗೆ ಸಿಕ್ಕಿ, 28 ಮಂದಿ ಸತ್ತಿದ್ದರು. ಎರಡೂ ಸಂಗತಿಗಳನ್ನು ಒಟ್ಟಿಗೆ ಎದುರಿಟ್ಟುಕೊಂಡು ಯೋಚಿಸಬಲ್ಲವರು ನಮಗೆ ಬೇಕಾಗಿದ್ದಾರೆ. ಮುಂಬೈ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುವ ಯಾದಗಿರಿ ಜಿಲ್ಲೆಯ ಕುಟುಂಬಗಳಲ್ಲಿ ಒಬ್ಬರಿಗೆ ಈ ಕಾಯಿಲೆ ಬಂದರೆ ಮಾತ್ರೆ ಎಲ್ಲಿ ತಪ್ಪುತ್ತದೆ ಎಂಬ ಪ್ರಶ್ನೆಯೂ ಹೀಗೆಯೇ ಕಾದು ಕುಳಿತಿದೆ.

ಪದವಿಯ ಬಗ್ಗೆಯೂ ವಿದ್ಯಾರ್ಥಿಗಳಿಗೆ ಎರಡು ಮಾತು ಸ್ಪಷ್ಟವಾಗಬೇಕು. ಮನೋವಿಜ್ಞಾನದ ಪಿಎಚ್‌.ಡಿ. ಪಡೆದ ಮಾತ್ರಕ್ಕೆ ಯಾರೂ ಚಿಕಿತ್ಸಾ ಮನೋವಿಜ್ಞಾನಿ ಆಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ತರಬೇತಿ ಮತ್ತು ನೋಂದಣಿ ಬೇಕು. ಇದನ್ನು ಮೊದಲೇ ಹೇಳದೆ ಪ್ರವೇಶ ಕೊಡುವುದು ನ್ಯಾಯವಲ್ಲ. ಇನ್ನು, ಪಿಎಚ್‌.ಡಿ. ಪ್ರವೇಶಕ್ಕೆ ಎನ್‌ಇಟಿ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕಗಳನ್ನು ನೋಡುವ ಪದ್ಧತಿ 2024ರಿಂದ ಬಂದಿದೆ. ಆ ಪರೀಕ್ಷೆಯ ಮನೋವಿಜ್ಞಾನ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ, ರೋಗಿಯ ತಾಯಿಯ ಮಾತು ಚೆನ್ನಾಗಿ ಅರ್ಥವಾಗುವ ಹುಡುಗಿಯೇ ಮೊದಲ ಮೆಟ್ಟಿಲಲ್ಲಿ ಎಡವುತ್ತಾಳೆ. ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಸಿಕ್ಕವರಿಗೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಸಿಗದವರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ ಪ್ರಬಂಧ ಬರೆಯಬೇಕು.

ಆಗಬೇಕಾದದ್ದು ದೊಡ್ಡದೇನಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿಯೂ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೂ ಮನೋವಿಜ್ಞಾನದ ವಿಭಾಗಗಳಿವೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬೇರೆ ವಿಭಾಗದ, ಬೇರೆ ಸಂಸ್ಥೆಯ ತಜ್ಞರನ್ನು ಸಹ-ಮಾರ್ಗದರ್ಶಕರನ್ನಾಗಿ ನೇಮಿಸಲು ಯುಜಿಸಿಯ 2022ರ ಪಿಎಚ್‌.ಡಿ. ನಿಯಮಾವಳಿಯಲ್ಲಿಯೇ ಅವಕಾಶವಿದೆ. ಕುಲಪತಿಗಳೂ ವೈದ್ಯಕೀಯ ಕಾಲೇಜುಗಳ ನಿರ್ದೇಶಕರೂ ಒಂದು ಮೇಜಿನ ಸುತ್ತ ಕುಳಿತು ಒಡಂಬಡಿಕೆ ಮಾಡಿಕೊಂಡು, ವೈದ್ಯಕೀಯ ಕಾಲೇಜಿನ ನೈತಿಕ ಸಮಿತಿಯ ಮುಂದೆ ಮನೋವಿಜ್ಞಾನದ ವಿದ್ಯಾರ್ಥಿಯೂ ಅರ್ಜಿ ಹಾಕುವಂತೆ ಮಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ತಂಡ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗುವ ದಿನ ಸಂಶೋಧಕರನ್ನೂ ಜೊತೆಗೆ ಕರೆದೊಯ್ಯಬಹುದು. ಸಂವಿಧಾನದ 371ಜೆ ಕಲಮಿನ ಬಲದಲ್ಲಿ ರಚನೆಯಾಗಿ, ವರ್ಷಕ್ಕೆ ಸಾವಿರಾರು ಕೋಟಿಯ ಕ್ರಿಯಾಯೋಜನೆ ರೂಪಿಸುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ, ಇಂಥ ಕೆಲವು ಸಂಶೋಧಕರ ಶಿಷ್ಯವೇತನವೂ ಬಸ್ ಖರ್ಚೂ ಹೊರೆಯೇನಲ್ಲ. ಕಟ್ಟಡಕ್ಕೆ ಶಿಲಾನ್ಯಾಸ ಮಾಡಿದಷ್ಟು ಇದು ಕಣ್ಣಿಗೆ ಬೀಳುವುದಿಲ್ಲವೆಂಬುದನ್ನು ಒಪ್ಪುತ್ತೇನೆ.

ಪ್ರಬಂಧ ಸಿದ್ಧವಾದ ಮೇಲೆ ಅದರ ಹತ್ತು ಪುಟಗಳ ಕನ್ನಡ ಸಾರಾಂಶವನ್ನು ಆಯಾ ತಾಲ್ಲೂಕು ಆಸ್ಪತ್ರೆಗೂ ಆಶಾ ಕಾರ್ಯಕರ್ತೆಯರಿಗೂ ಕೊಡಬೇಕೆಂಬ ಷರತ್ತನ್ನೂ ಸೇರಿಸಲಿ. ಮುಂದಿನ ಪಿಎಚ್‌.ಡಿ. ಅಧಿಸೂಚನೆ ಹೊರಡುವುದಕ್ಕೆ ಮುಂಚೆ ಸಹ-ಮಾರ್ಗದರ್ಶಕರಾಗಲು ಒಪ್ಪಿದ ಮನೋವೈದ್ಯರ ಪಟ್ಟಿಯನ್ನು ವಿಶ್ವವಿದ್ಯಾಲಯಗಳು ಪ್ರಕಟಿಸಿದರೆ, ಈ ಸಲ ಬರುವ ವಿದ್ಯಾರ್ಥಿಗಳನ್ನು ನಾನು ನೇರವಾಗಿ ಅಲ್ಲಿಗೇ ಕಳುಹಿಸುತ್ತೇನೆ.

— ನಿವೃತ್ತ ಮನೋವಿಜ್ಞಾನ ಉಪನ್ಯಾಸಕ, ಕಲಬುರಗಿ